ಹಿಮಗಡಲಿನ ಸಂಸಾರ: ಸಪ್ತಾಪುರದ ಒಂದು ಓದಿನ ಬುತ್ತಿಯ ಬಗ್ಗೆ

ಧಾರವಾಡದ ಸಪ್ತಾಪುರದಲ್ಲಿ ಹಂಚಿನ ಮನೆಯೊಂದರ ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆ ಪುಸ್ತಕಾಲಯವೊಂದು ನಡೆಯುತ್ತದೆ. ಅದರ ಯಜಮಾನರು ಕೆಲವು ವರ್ಷಗಳಿಂದ ‘ಓದಿನ ಬುತ್ತಿ’ ಎಂಬ ಸೇವೆಯನ್ನೂ ಕೊಡುತ್ತಿದ್ದಾರೆ. ಒಂದು ವಿಷಯಕ್ಕೆ ಸಂಬಂಧಿಸಿದ ನಾಲ್ಕೈದು ಪುಸ್ತಕ, ಒಂದು ನಕಾಶೆ ಮತ್ತು ತಾವೇ ಕನ್ನಡದಲ್ಲಿ ಬರೆದ ಟಿಪ್ಪಣಿಯನ್ನು ಗರಗದ ಖಾದಿ ಚೀಲದಲ್ಲಿ ಕಟ್ಟಿ, ಆರು ವಾರಗಳ ಮಟ್ಟಿಗೆ ಮನೆಗೆ ತಂದುಕೊಡುತ್ತಾರೆ. ಠೇವಣಿ ಒಂದು ಸಾವಿರ ರೂಪಾಯಿ, ಬಾಡಿಗೆ ಮುನ್ನೂರು, ಪುಸ್ತಕದಲ್ಲಿ ಬರೆದರೆ ಪುಟಕ್ಕೆ ಹತ್ತು ರೂಪಾಯಿ ದಂಡ. ಇರುವ ಸದಸ್ಯರಿಗೇ ಸಮಯ ಸಾಲುತ್ತಿಲ್ಲವಾದ್ದರಿಂದ ಪುಸ್ತಕಾಲಯದ ಹೆಸರನ್ನು ಎಲ್ಲಿಯೂ ಹಾಕಬಾರದೆಂದು ಅವರು ಕೇಳಿಕೊಂಡಿದ್ದಾರೆ. ಆ ಭಾಗದಲ್ಲಿ ವಿಚಾರಿಸಿದರೆ ಮನೆಯನ್ನು ಯಾರಾದರೂ ತೋರಿಸುತ್ತಾರೆ. ಈ ಮಳೆಗಾಲದಲ್ಲಿ ನಾನು ತೆಗೆದುಕೊಂಡ ಬುತ್ತಿಯ ವಿಷಯ, ಹತ್ತೊಂಬತ್ತನೆಯ ಶತಮಾನದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳ ಕ್ಯಾಪ್ಟನ್‌ಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಉತ್ತರ ಧ್ರುವದ ಕಡಲಿನಲ್ಲಿ ನಡೆಸಿದ ಬದುಕು.

ಈ ವಿಷಯವನ್ನು ನಾನಾಗಿ ಆರಿಸಿಕೊಂಡಿರಲಿಲ್ಲ. ನನ್ನ ಮನೆಯವರು ಹುಬ್ಬಳ್ಳಿಯ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವರು. ಅವರ ವರ್ಗಾವಣೆಯ ಹಿಂದೆ ಗುಂತಕಲ್ಲು, ಲೋಂಡಾ, ಹೊಸಪೇಟೆ ಎಂದು ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಟ್ರಂಕು ಹೊತ್ತು ಸಂಸಾರ ಮಾಡಿದವಳು ನಾನು. ಗಂಡನ ನೌಕರಿಯ ಹಿಂದೆ ಹೋದ ಹೆಂಗಸರ ಬಗ್ಗೆ ಏನಾದರೂ ಇದ್ದರೆ ಕೊಡಿರಿ ಎಂದು ಕೇಳಿದಾಗ ಪುಸ್ತಕಾಲಯದ ಯಜಮಾನರು ಕಪಾಟಿನ ಮೇಲಿನಿಂದ ಈ ಚೀಲವನ್ನು ಇಳಿಸಿ, “ಅಕ್ಕಾರ, ನೀವು ಗಂಡನ ಹಿಂದ ಗುಂತಕಲ್ಲಿಗೆ ಹೋದ್ರಿ, ಇವರು ಧ್ರುವದ ಕಡೆ ಹೋಗ್ಯಾರ. ಒಮ್ಮೆ ಓದಿ ನೋಡ್ರಿ” ಎಂದರು. ಚೀಲದಲ್ಲಿ ಕ್ಯಾಪ್ಟನ್‌ಗಳ ಹೆಂಡತಿಯರ ಅಚ್ಚಾದ ದಿನಚರಿಗಳು, ಒಬ್ಬ ಕ್ಯಾಪ್ಟನ್‌ನ ಮಗ ದೊಡ್ಡವನಾದ ಮೇಲೆ ಬರೆದ ನೆನಪುಗಳು, ಹಡಗಿನ ರಚನೆಯನ್ನು ಚಿತ್ರಗಳೊಂದಿಗೆ ತೋರಿಸುವ ಒಂದು ದೊಡ್ಡ ಪುಸ್ತಕ, ಒಂದು ಝೆರಾಕ್ಸ್ ನಕಾಶೆ ಮತ್ತು ಇಪ್ಪತ್ತೆರಡು ಪುಟಗಳ ಕನ್ನಡ ಟಿಪ್ಪಣಿ ಇದ್ದವು. ಪುಸ್ತಕಗಳೆಲ್ಲ ಇಂಗ್ಲಿಷಿನವು. ಹೀಗಾಗಿ ಟಿಪ್ಪಣಿ ಎಷ್ಟು ಚೆನ್ನಾಗಿದೆ ಎಂಬುದರ ಮೇಲೆ ಈ ಬುತ್ತಿಯ ಅರ್ಧ ಬೆಲೆ ನಿಂತಿದೆ. ಅದರ ಒಳ್ಳೆಯ ಭಾಗದಿಂದಲೇ ಆರಂಭಿಸುತ್ತೇನೆ.

ಹೆಂಡತಿ ಏಕೆ ಹೊರಟಳು ಎಂದು ಹೇಳುವ ಮೊದಲು ಗಂಡ ಏಕೆ ಮನೆಗೆ ಬರುತ್ತಿರಲಿಲ್ಲ ಎಂಬುದನ್ನು ಟಿಪ್ಪಣಿ ವಿವರಿಸುತ್ತದೆ, ಮತ್ತು ಈ ಕ್ರಮ ಸರಿಯಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ 1857ರಲ್ಲಿ 329 ತಿಮಿಂಗಿಲ ಹಡಗುಗಳಿದ್ದವು ಮತ್ತು ಅವುಗಳ ಮೇಲೆ ಹತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು. ಹತ್ತಿರದ ಕಡಲುಗಳಲ್ಲಿ ತಿಮಿಂಗಿಲ ಕಡಿಮೆಯಾದಂತೆ ಹಡಗುಗಳು ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿ ಪೆಸಿಫಿಕ್ ಸಾಗರಕ್ಕೆ ಹೋಗತೊಡಗಿದವು. 1848ರಲ್ಲಿ ಥಾಮಸ್ ವೆಲ್ಕಮ್ ರಾಯ್ಸ್ ಎಂಬ ಕ್ಯಾಪ್ಟನ್ ‘ಸುಪೀರಿಯರ್’ ಹಡಗನ್ನು ಏಷ್ಯಾ ಮತ್ತು ಅಲಾಸ್ಕಾಗಳ ನಡುವಿನ ಬೇರಿಂಗ್ ಜಲಸಂಧಿಯ ಆಚೆಗೆ ಒಯ್ದು, ಅಲ್ಲಿ ಬೋಹೆಡ್ ತಿಮಿಂಗಿಲಗಳು ಹೇರಳವಾಗಿರುವುದನ್ನು ಕಂಡು ಬಂದ ಮೇಲೆ ಎಲ್ಲರ ಮುಖವೂ ಉತ್ತರದ ಹಿಮಗಡಲಿನ ಕಡೆ ತಿರುಗಿತು. ಒಂದು ಪ್ರಯಾಣಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತಿತ್ತು. ಮದುವೆಯಾಗಿ ಹತ್ತು ವರ್ಷ ಕಳೆದರೂ ಗಂಡ ಮನೆಯಲ್ಲಿದ್ದ ದಿನಗಳನ್ನು ತಿಂಗಳುಗಳಲ್ಲಿ ಎಣಿಸಬಹುದಾಗಿತ್ತು. ಬಂದು ಮಗುವಿನ ಮುಖ ನೋಡಿ ಹೋದವನು ಮತ್ತೆ ಬರುವ ಹೊತ್ತಿಗೆ ಆ ಮಗು ಶಾಲೆಗೆ ಹೋಗುತ್ತಿತ್ತು.

ಹಡಗಿನ ಮೇಲೆ ಸಂಬಳವೆಂಬುದು ಇರಲಿಲ್ಲ, ಪಾಲು ಇತ್ತು. ನಮ್ಮ ಕಡೆ ಹೊಲವನ್ನು ಕೋರಿಗೆ ಕೊಟ್ಟಂತೆ ಎಂದು ಟಿಪ್ಪಣಿ ಹೇಳುವುದು ಸರಿಯಾದ ಹೋಲಿಕೆ, ಆದರೆ ಪಾಲಿನ ಅಂತರ ನಮ್ಮ ಕೋರಿಗಿಂತ ಬಹಳ ಕ್ರೂರವಾದುದು. ಕ್ಯಾಪ್ಟನ್‌ಗೆ ಒಟ್ಟು ಗಳಿಕೆಯ ಹನ್ನೆರಡರಲ್ಲಿ ಅಥವಾ ಹದಿನಾರರಲ್ಲಿ ಒಂದು ಪಾಲು ಸಿಕ್ಕರೆ, ಮೊದಲ ಸಲ ಹಡಗು ಹತ್ತಿದ ಹುಡುಗನಿಗೆ ನೂರೈವತ್ತು ಇನ್ನೂರರಲ್ಲಿ ಒಂದು ಪಾಲು; ಅದರಲ್ಲಿಯೂ ಹಡಗಿನ ಪೆಟ್ಟಿಗೆಯಿಂದ ಉದ್ರಿ ತೆಗೆದುಕೊಂಡ ಬಟ್ಟೆ, ತಂಬಾಕಿನ ಲೆಕ್ಕವನ್ನು ಮುರಿದುಕೊಳ್ಳುತ್ತಿದ್ದರು. ಕ್ಯಾಪ್ಟನ್‌ನನ್ನು ಟಿಪ್ಪಣಿ ಒಂದೆರಡು ಕಡೆ ‘ತಾಂಡೇಲ’ ಎಂದು ಕರೆದಿದೆ. ಕಾರವಾರದ ಕಡೆಯ ಈ ಮಾತು ಕಿವಿಗೆ ಹಿತವಾಗಿದೆ, ಆದರೆ ನಮ್ಮ ತಾಂಡೇಲರು ಬಲೆ ಎಳೆದು ಮನೆಗೆ ಮರಳುವವರು. ಈತನಾದರೋ ಮೂವತ್ತೈದು ಜನರ ಊಟ, ಔಷಧ, ಶಿಕ್ಷೆ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡು, ದಡದ ಯಾವ ಕಾಯಿದೆಯೂ ಮುಟ್ಟದ ಜಾಗದಲ್ಲಿ ವರ್ಷಗಟ್ಟಲೆ ಇರುವವನು. ಆದ್ದರಿಂದ ನಾನು ಕ್ಯಾಪ್ಟನ್ ಎಂದೇ ಬರೆಯುತ್ತೇನೆ.

ದಿನಚರಿಗಳ ಪೈಕಿ ಮೊದಲು ಓದಬೇಕಾದುದು ಮೇರಿ ಬ್ರೂಸ್ಟರ್ ಎಂಬಾಕೆಯದು. ಕನೆಕ್ಟಿಕಟ್‌ನ ಸ್ಟೋನಿಂಗ್ಟನ್ ಊರಿನ ಈಕೆ 1845ರಲ್ಲಿ ಗಂಡನೊಡನೆ ‘ಟೈಗರ್’ ಎಂಬ ಹಡಗು ಹತ್ತಿದಳು. ಸಾಕಿ ಬೆಳೆಸಿದ ತಾಯಿಗೆ ಅದು ಸರಿಬರಲಿಲ್ಲ. ಹೋಗುವುದಾದರೆ ಈ ಮನೆಯ ಬಾಗಿಲು ನಿನಗೆ ಮುಚ್ಚಿದಂತೆ ಎಂಬ ಅರ್ಥದ ಮಾತು ಕೇಳಿಸಿಕೊಂಡೇ ಆಕೆ ಹೊರಟಳು. ಎರಡನೆಯ ಪ್ರಯಾಣದಲ್ಲಿ, 1849ರಲ್ಲಿ, ಉತ್ತರದ ಹಿಮಗಡಲನ್ನು ಕಂಡ ಮೊದಲ ಅಮೆರಿಕನ್ ಮಹಿಳೆಯೆಂದು ಆಕೆಯನ್ನು ಗುರುತಿಸುತ್ತಾರೆ. ಆದರೆ ಆ ದಿನಚರಿಯಲ್ಲಿ ನನಗೆ ಹಿಡಿಸಿದ್ದು ಈ ‘ಮೊದಲ’ ಎಂಬುದಲ್ಲ. ಹೊಟ್ಟೆ ತೊಳಸುವ ಕಡಲಬೇನೆಯನ್ನು ನುಂಗಿಕೊಂಡು, ಹೊಲಿಗೆ ಹಿಡಿದು, ಗಾಳಿಯ ದಿಕ್ಕು ನೋಡಿ, ರವಿವಾರ ಪ್ರಾರ್ಥನೆ ಮಾಡಿ, ಇಂದು ತಿಮಿಂಗಿಲ ಸಿಕ್ಕಿತೋ ಇಲ್ಲವೋ ಎಂದು ಬರೆದಿಡುವ ಅದೇ ಕೈಬರಹದ ಶಿಸ್ತು ಹಿಡಿಸಿತು. ಲೋಂಡಾದ ಮಳೆಯಲ್ಲಿ ರಾತ್ರಿಪಾಳಿಯ ಗಂಡನಿಗಾಗಿ ಕಾದು ಕುಳಿತು ಹಾಲಿನ ಲೆಕ್ಕ ಬರೆದವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಆಕೆ ಇದ್ದ ಮನೆಯೆಂದರೆ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಚಿತ್ರಗಳ ಪುಸ್ತಕವೇ ಉತ್ತರ. ಆ ಕಾಲದ ನೂರಾರು ಹಡಗುಗಳ ಪೈಕಿ ಇಂದಿಗೂ ನೀರಿನ ಮೇಲಿರುವುದು ‘ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್’ ಒಂದೇ. 1841ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ಕಟ್ಟಿದ ಈ ಹಡಗು ಎಂಬತ್ತು ವರ್ಷಗಳಲ್ಲಿ 37 ಪ್ರಯಾಣ ಮಾಡಿ, ಈಗ ಕನೆಕ್ಟಿಕಟ್‌ನ ಮಿಸ್ಟಿಕ್ ಬಂದರಿನ ವಸ್ತುಸಂಗ್ರಹಾಲಯದಲ್ಲಿದೆ. ಉದ್ದ ಸುಮಾರು 113 ಅಡಿ. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಸಾಲಾಗಿರುವ ಮೂರು ಮನೆಗಳನ್ನು ಅಳೆದರೆ ಅಷ್ಟಾಗುತ್ತದೆ. ಆ ಉದ್ದದೊಳಗೆ ನಾಲ್ಕೈದು ಬೇಟೆ ದೋಣಿ, ಸಾವಿರಾರು ಪೀಪಾಯಿ ಎಣ್ಣೆಯ ಗೋದಾಮು, ಮೂವತ್ತಕ್ಕೂ ಹೆಚ್ಚು ಗಂಡಸರು ಮತ್ತು ಹಿಂಬದಿಯ ಎರಡು ಸಣ್ಣ ಕೋಣೆಗಳಲ್ಲಿ ಕ್ಯಾಪ್ಟನ್‌ನ ಸಂಸಾರ. 1860ರ ದಶಕದಲ್ಲಿ ಇದರ ಕ್ಯಾಪ್ಟನ್ ಥಾಮಸ್ ಲ್ಯಾಂಡರ್ಸ್ ತನ್ನ ಹೆಂಡತಿ ಲಿಡಿಯಾಳಿಗಾಗಿ ಒಂದು ತೂಗುಮಂಚ ಮಾಡಿಸಿದ. ಹಡಗು ಎಷ್ಟೇ ವಾಲಿದರೂ ಹಾಸಿಗೆ ಮಟ್ಟಸವಾಗಿ ನಿಲ್ಲುವಂತೆ ಅದನ್ನು ಕೀಲುಗಳ ಮೇಲೆ ಕೂರಿಸಲಾಗಿತ್ತು. ಆ ಮಂಚದ ಚಿತ್ರ ಇಡೀ ಪುಟ ತುಂಬಿದೆ, ಮತ್ತು ಅದನ್ನು ನೋಡುತ್ತಾ ನಾನು ಕಳೆದ ಸಮಯ ಯಾವ ಬೇಟೆಯ ಚಿತ್ರಕ್ಕೂ ಸಿಗಲಿಲ್ಲ.

ಕೋಣೆಯ ಬಾಗಿಲ ಹೊರಗೆ ನಡೆಯುತ್ತಿದ್ದ ಕೆಲಸವನ್ನು ಟಿಪ್ಪಣಿ ಆಲೆಮನೆಗೆ ಹೋಲಿಸಿದೆ, ಮತ್ತು ಇಡೀ ಇಪ್ಪತ್ತೆರಡು ಪುಟಗಳಲ್ಲಿ ಇದಕ್ಕಿಂತ ಒಳ್ಳೆಯ ಭಾಗವಿಲ್ಲ. ಕೊಂದ ತಿಮಿಂಗಿಲವನ್ನು ಹಡಗಿನ ಮಗ್ಗುಲಿಗೆ ಕಟ್ಟಿ, ಚರ್ಮದ ಕೆಳಗಿನ ಕೊಬ್ಬನ್ನು ಅಗಲವಾದ ಪಟ್ಟಿಗಳಾಗಿ ಸುಲಿದು ಮೇಲೆತ್ತಿ, ತುಂಡು ಮಾಡಿ, ಹಡಗಿನ ಅಟ್ಟದ (ಡೆಕ್ಕಿನ) ಮೇಲೆ ಇಟ್ಟಿಗೆಯಿಂದ ಕಟ್ಟಿದ ಒಲೆಯ ಮೇಲಿನ ದೊಡ್ಡ ಕೊಪ್ಪರಿಗೆಗಳಲ್ಲಿ ಕುದಿಸಿ ಎಣ್ಣೆ ಇಳಿಸುತ್ತಿದ್ದರು. ಆಲೆಮನೆಯಲ್ಲಿ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ ಕೊಪ್ಪರಿಗೆಯ ಕೆಳಗೆ ಉರಿಗೆ ಹಾಕುವಂತೆ, ಇಲ್ಲಿ ಎಣ್ಣೆ ಇಳಿದ ಮೇಲೆ ಉಳಿದ ಕರಕಲು ಚೂರುಗಳೇ ಸೌದೆ. ಹಗಲು ರಾತ್ರಿಯೆನ್ನದೆ ಬೆಂಕಿ ಉರಿಯುತ್ತಿತ್ತು, ಕಪ್ಪು ಹೊಗೆ ಹಾಯಿಗಳಿಗೆ ಹತ್ತುತ್ತಿತ್ತು, ಮತ್ತು ಅಟ್ಟದ ಮೇಲೆ ಕಾಲಿಟ್ಟರೆ ಜಾರುತ್ತಿತ್ತು. ಆ ವಾಸನೆಯ ನಡುವೆ ಒಬ್ಬ ಹೆಂಗಸು ಮಗುವಿನ ಅಂಗಿಯನ್ನು ಬೆಳ್ಳಗೆ ಒಗೆದು ಒಣಗಿಸಲು ಪಡುವ ಪಾಡನ್ನು ಯೋಚಿಸಿದರೆ ಸಾಕು. ಆದರೂ ಎಣ್ಣೆ ಕುದಿಯುವ ದಿನಗಳಲ್ಲಿ ಅವರು ಸಂತೋಷಪಡುತ್ತಿದ್ದರು, ಏಕೆಂದರೆ ಪೀಪಾಯಿಗಳು ಎಷ್ಟು ಬೇಗ ತುಂಬಿದವೋ ಅಷ್ಟು ಬೇಗ ಊರು.

ಇಷ್ಟು ಮೆಚ್ಚಿಕೊಂಡ ಭಾಗದಲ್ಲಿಯೇ ಟಿಪ್ಪಣಿ ‘ಮೀನೆಣ್ಣೆ’ ಎಂದು ಬರೆದಿರುವುದು ಬೇಸರದ ಸಂಗತಿ. ತಿಮಿಂಗಿಲ ಮೀನಲ್ಲ, ಮರಿಗೆ ಹಾಲೂಡಿಸುವ, ಗಾಳಿ ಉಸಿರಾಡುವ ಪ್ರಾಣಿ. ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕಾದ ಆ ಅನಿವಾರ್ಯವೇ ಅದನ್ನು ಬೇಟೆಗಾರನ ಕಣ್ಣಿಗೆ ಒಡ್ಡುತ್ತಿತ್ತು ಎಂಬುದನ್ನು ತಿಳಿಯದಿದ್ದರೆ ಬೇಟೆಯೇ ಅರ್ಥವಾಗುವುದಿಲ್ಲ. ಬೋಹೆಡ್ ಬಗ್ಗೆಯೂ ಇನ್ನೆರಡು ಮಾತು ಬೇಕಿತ್ತು. ಅರವತ್ತು ಅಡಿಯವರೆಗೆ ಬೆಳೆಯುವ, ಒಂದೂವರೆ ಅಡಿಯಷ್ಟು ದಪ್ಪದ ಕೊಬ್ಬಿನ ಹೊದಿಕೆಯುಳ್ಳ, ತಲೆಯಿಂದ ಗುದ್ದಿ ಮಂಜನ್ನು ಒಡೆದು ಉಸಿರಾಡುವ ಈ ಪ್ರಾಣಿಯ ಬಾಯಲ್ಲಿ ಹಲ್ಲಿನ ಬದಲು ಹತ್ತು ಹನ್ನೆರಡು ಅಡಿ ಉದ್ದದ, ಕೊಂಬಿನಂತೆ ಬಾಗುವ ಪಟ್ಟಿಗಳಿರುತ್ತವೆ; ಅವಕ್ಕೆ ಬಾಲೀನ್ ಎನ್ನುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ 1859ರಲ್ಲಿ ಕಲ್ಲೆಣ್ಣೆ ಸಿಕ್ಕಿ ಚಿಮಣಿ ಎಣ್ಣೆ ಅಗ್ಗವಾದ ಮೇಲೆ ತಿಮಿಂಗಿಲದ ಎಣ್ಣೆಯ ಬೆಲೆ ಇಳಿಯಿತು. ಆದರೆ ಹೆಂಗಸರ ಸೊಂಟ ಬಿಗಿಯುವ ಕಾರ್ಸೆಟ್‌ಗೆ, ಛತ್ರಿಯ ಕಡ್ಡಿಗೆ, ಚಾಟಿಗೆ ಬಾಲೀನ್ ಬೇಕಾಗಿತ್ತು, ಮತ್ತು ಅದರ ಬೆಲೆ ಶತಮಾನದ ಕೊನೆಗೆ ಪೌಂಡಿಗೆ 5 ಡಾಲರ್‌ವರೆಗೆ ಏರಿತು. ಹಡಗುಗಳನ್ನು ಇನ್ನಷ್ಟು ಉತ್ತರಕ್ಕೆ, ಇನ್ನಷ್ಟು ಅಪಾಯಕ್ಕೆ ಎಳೆದದ್ದು ಈ ಬೆಲೆ.

ಮೇರಿ ಚಿಪ್‌ಮನ್ ಲಾರೆನ್ಸ್ ಬರೆದ ದಿನಚರಿ ಈ ಬುತ್ತಿಯ ಅತ್ಯಂತ ಸುಖದ ಓದು. 1856ರ ನವೆಂಬರಿನಲ್ಲಿ ಗಂಡ ಸ್ಯಾಮ್ಯುಯೆಲ್ ಮತ್ತು ಐದು ವರ್ಷದ ಮಗಳು ಮಿನ್ನಿಯೊಡನೆ ‘ಅಡಿಸನ್’ ಹಡಗು ಹತ್ತಿದ ಈಕೆ ಮರಳಿ ಮನೆ ಕಂಡದ್ದು 1860ರ ಜೂನಿನಲ್ಲಿ. ಮಿನ್ನಿಯ ಅಕ್ಷರಾಭ್ಯಾಸ ಹಡಗಿನಲ್ಲಿ, ಗೆಳೆಯರು ನಾವಿಕರು. ಬೇಸಿಗೆಯಲ್ಲಿ ಉತ್ತರದ ಮಂಜು, ಮಂಜು ಮುಚ್ಚುವ ಮೊದಲು ಹವಾಯಿ ದ್ವೀಪಗಳ ಲಹೈನಾ, ಹೊನೊಲುಲುಗಳ ಬಿಸಿಲು: ವರ್ಷದ ಚಕ್ರ ಹೀಗೆ ತಿರುಗುತ್ತದೆ. ಬಹಳಷ್ಟು ಕ್ಯಾಪ್ಟನ್‌ಗಳು ಹೆಂಡತಿಯನ್ನು ಹವಾಯಿಯಲ್ಲಿ ಇಳಿಸಿ ತಾವು ಮಾತ್ರ ಉತ್ತರಕ್ಕೆ ಹೋಗುತ್ತಿದ್ದರು. ಈಕೆ ಇಳಿಯಲು ಒಪ್ಪದವರ ಸಾಲಿಗೆ ಸೇರಿದವಳು.

ಎರಡು ಹಡಗುಗಳು ನಡುಗಡಲಿನಲ್ಲಿ ಭೇಟಿಯಾದಾಗ ಹಾಯಿ ಸಡಿಲಿಸಿ ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ದಿನ ಹರಟೆ ಹೊಡೆಯುವ ಪದ್ಧತಿಗೆ ಅವರು ‘ಗ್ಯಾಮ್’ ಎನ್ನುತ್ತಿದ್ದರು. ಸೀರೆಯಂತೆಯೇ ಅಡ್ಡಿ ಮಾಡುವ ಅಗಲ ಲಂಗ ಉಟ್ಟ ಹೆಂಗಸರು ಹಗ್ಗದ ಏಣಿಯಲ್ಲಿ ಇಳಿಯುವಂತಿರಲಿಲ್ಲವಾದ್ದರಿಂದ ಪೀಪಾಯಿಯನ್ನು ಕೊರೆದು ಕುರ್ಚಿ ಮಾಡಿ, ಅದರಲ್ಲಿ ಕೂರಿಸಿ, ರಾಟೆಯಿಂದ ದೋಣಿಗೆ ಇಳಿಸುತ್ತಿದ್ದರು. ತಿಂಗಳುಗಟ್ಟಲೆ ಇನ್ನೊಂದು ಹೆಂಗಸಿನ ಮುಖ ಕಾಣದ ಕ್ಯಾಪ್ಟನ್‌ನ ಹೆಂಡತಿ, ಕೆಳಗೆ ಅಲೆ, ಮೇಲೆ ಹಗ್ಗ, ನಡುವೆ ಪೀಪಾಯಿಯಲ್ಲಿ ತೂಗುತ್ತಾ ಮಾತಾಡಲು ಹೋಗುವ ಚಿತ್ರ ನನ್ನ ತಲೆಯಿಂದ ಇಳಿದಿಲ್ಲ. ಊರಿನ ಪತ್ರಗಳೂ ಇಂಥ ಭೇಟಿಗಳಲ್ಲಿಯೇ ಕೈ ಬದಲಾಯಿಸುತ್ತಿದ್ದವು. ಹಡಗಿನ ಹೆಸರು ಬರೆದು ‘ಪೆಸಿಫಿಕ್ ಸಾಗರ’ ಎಂದಷ್ಟೇ ವಿಳಾಸ ಹಾಕಿದ ಲಕೋಟೆ, ಆ ಕಡೆ ಹೋಗುವ ಯಾವುದೋ ಹಡಗಿನ ಕೈಯಲ್ಲಿ ಪ್ರಯಾಣ ಮಾಡಿ, ಒಂದು ವರ್ಷಕ್ಕೋ ಎರಡು ವರ್ಷಕ್ಕೋ ತಲುಪುತ್ತಿತ್ತು, ಇಲ್ಲವೇ ತಲುಪುತ್ತಲೇ ಇರಲಿಲ್ಲ.

ಮೂರನೆಯವಳು ಎಲಿಜಾ ವಿಲಿಯಮ್ಸ್. ಈಕೆಯ ಸಂಸಾರದ ಕಥೆ ಎರಡು ಪುಸ್ತಕಗಳಲ್ಲಿ ಮುಂದುವರಿಯುವುದರಿಂದ ಇದನ್ನು ಓದಲು ನಾನು ಹೆಚ್ಚು ಸಮಯ ತೆಗೆದುಕೊಂಡೆ. 1858ರಲ್ಲಿ ಗಂಡ ಥಾಮಸ್ ವಿಲಿಯಮ್ಸ್‌ನ ‘ಫ್ಲಾರಿಡಾ’ ಹಡಗು ಹತ್ತಿದಾಗ ಆಕೆ ಗರ್ಭಿಣಿ. 1859ರ ಜನವರಿಯಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ನಡುವಿನ ಟಾಸ್ಮನ್ ಸಮುದ್ರದಲ್ಲಿ, ಮಗ ವಿಲಿಯಂ ಹುಟ್ಟಿದ. ಅದೇ ಪ್ರಯಾಣದಲ್ಲಿ, 1861ರಲ್ಲಿ, ಮಗಳು ಮೇರಿ ಹುಟ್ಟಿದಳು. ತವರಿಗೆ ಬಾಣಂತನಕ್ಕೆ ಹೋಗುವ ನಮ್ಮ ಪದ್ಧತಿಯಲ್ಲಿ ಬೆಳೆದವರು ಇಲ್ಲಿ ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂರುವುದು ಸಹಜ. ನಾನು ಎರವಲು ತಂದ ಪ್ರತಿಯಲ್ಲಿ, ಹಿಂದೆ ಓದಿದ ಯಾರೋ ಈ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ‘ದೊಡ್ಡ ಮಕ್ಕಳು ಎಲ್ಲಿ?’ ಎಂದು ಬರೆದಿದ್ದರು. ಅಕ್ಷರ ನೋಡಿದರೆ ವಯಸ್ಸಾದವರದು. ದಂಡ ಕಟ್ಟಿದರೋ ಇಲ್ಲವೋ ತಿಳಿಯದು, ಆದರೆ ಪ್ರಶ್ನೆ ನ್ಯಾಯವಾದುದು. ಎಲಿಜಾ ಹೊರಡುವಾಗ ಇಬ್ಬರು ಗಂಡುಮಕ್ಕಳನ್ನು ಬಂಧುಗಳ ಹತ್ತಿರ ಬಿಟ್ಟು ಹೊರಟಿದ್ದಳು. ಗಂಡನೊಡನೆ ಇರಬೇಕೆಂದರೆ ಮಕ್ಕಳನ್ನು ಬಿಡಬೇಕು, ಮಕ್ಕಳೊಡನೆ ಇರಬೇಕೆಂದರೆ ಗಂಡನನ್ನು ಬಿಡಬೇಕು. ಟಿಪ್ಪಣಿಯಲ್ಲಿ ಈ ವಿಚಾರಕ್ಕೆ ಒಂದು ವಾಕ್ಯವೂ ಸಿಕ್ಕಿಲ್ಲ.

ಕಡಲಿನಲ್ಲಿ ಹುಟ್ಟಿದ ಆ ವಿಲಿಯಂ ಮುಂದೆ ಎಂಜಿನಿಯರ್ ಆಗಿ, ದೊಡ್ಡವನಾದ ಮೇಲೆ ಬರೆದ ನೆನಪುಗಳಲ್ಲಿ 1871ರ ದುರಂತ ಬರುತ್ತದೆ. ಆಗ ಅವನಿಗೆ ಹನ್ನೆರಡು ವರ್ಷ. ತಂದೆಯ ‘ಮಾಂಟಿಸೆಲೊ’ ಹಡಗಿನಲ್ಲಿ ತಾಯಿ, ತಂಗಿಯರೊಡನೆ ಅವನೂ ಇದ್ದ. ಆ ವರ್ಷ ಅಲಾಸ್ಕಾದ ವಾಯವ್ಯ ಕರಾವಳಿಯ ಪಾಯಿಂಟ್ ಬೆಲ್ಚರ್ ಮತ್ತು ವೇನ್‌ರೈಟ್ ಹಿನ್ನೀರಿನ ನಡುವೆ ಹತ್ತಾರು ಹಡಗುಗಳು ದಡಕ್ಕೂ ಹಿಮದ ರಾಶಿಗೂ ನಡುವಿನ ಕಿರಿದಾದ ನೀರಿನಲ್ಲಿ ಬೇಟೆಯಾಡುತ್ತಿದ್ದವು. ಈಶಾನ್ಯದ ಗಾಳಿ ಬೀಸಿ ಹಿಮವನ್ನು ದಡದಿಂದ ದೂರ ಸರಿಸುತ್ತದೆ ಎಂಬುದು ಅವರ ಅನುಭವ. ಈ ವರ್ಷ ಹಿಮ ಹಿಂದೆ ಸರಿಯುವುದಿಲ್ಲ ಎಂದು ಆ ಕರಾವಳಿಯ ಇನ್ಯುಪಿಯಾಟ್ ಜನರು ಎಚ್ಚರಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಸ್ಟ್ ಕೊನೆಯಲ್ಲಿ ಗಾಳಿ ಪಶ್ಚಿಮದಿಂದ ಬೀಸತೊಡಗಿ ಹಿಮ ದಡದತ್ತ ನುಗ್ಗಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಹಡಗುಗಳು ಒಂದೊಂದಾಗಿ, ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯಂತೆ, ಒಡೆಯತೊಡಗಿದವು. ದಕ್ಷಿಣಕ್ಕೆ ದೋಣಿಯಲ್ಲಿ ಹೋಗಿ ಬಂದವರು ಏಳು ಹಡಗುಗಳು ಮಾತ್ರ ಹಿಮದ ಆಚೆ ತೆರೆದ ನೀರಿನಲ್ಲಿವೆ ಎಂದು ಸುದ್ದಿ ತಂದರು.

ಸೆಪ್ಟೆಂಬರ್ 12ರಂದು ಕ್ಯಾಪ್ಟನ್‌ಗಳೆಲ್ಲ ಸಭೆ ಸೇರಿ, ಹಡಗುಗಳನ್ನು ಬಿಟ್ಟು ಜನರನ್ನು ಉಳಿಸುವುದೆಂದು ತೀರ್ಮಾನಿಸಿ ಸಹಿ ಹಾಕಿದರು. ಹದಿನಾಲ್ಕರಂದು 1,219 ಜನರು, ಅವರಲ್ಲಿ ಕ್ಯಾಪ್ಟನ್‌ಗಳ ಹೆಂಡತಿಯರೂ ಮಕ್ಕಳೂ ಸೇರಿ, ಬೇಟೆಯ ದೋಣಿಗಳಲ್ಲಿ ಹೊರಟರು. ದಡಕ್ಕೂ ಹಿಮಕ್ಕೂ ನಡುವಿನ ಸಂದಿಯಲ್ಲಿ ಹುಟ್ಟು ಹಾಕುತ್ತಾ, ರಾತ್ರಿ ಹಾಯಿಬಟ್ಟೆಯ ಗುಡಾರದಲ್ಲಿ ಮರಳಿನ ಮೇಲೆ ಕಳೆದು, ತೆರೆದ ಕಡಲಿನ ಅಲೆಗಳ ಹೊಡೆತ ತಿಂದು, ಅವರು ಆ ಏಳು ಹಡಗುಗಳನ್ನು ಮುಟ್ಟಿದರು. ಸರಾಸರಿ ಲೆಕ್ಕದಲ್ಲಿ ಒಂದೊಂದು ಹಡಗಿಗೆ ನೂರೆಪ್ಪತ್ತಕ್ಕೂ ಹೆಚ್ಚು ಜನ ಹೆಚ್ಚಾದಂತಾಯಿತು. ಜಾಗ ಮಾಡಿಕೊಡಲು ಆ ಹಡಗುಗಳವರು ತಮ್ಮ ಗಳಿಕೆಯ ಪೀಪಾಯಿಗಳನ್ನು ಕಡಲಿಗೆ ಉರುಳಿಸಿದರು. 33 ಹಡಗುಗಳು ಹೋದವು, ಹದಿನಾರು ಲಕ್ಷ ಡಾಲರ್‌ಗೂ ಹೆಚ್ಚು ನಷ್ಟವಾಯಿತು, ಒಂದು ಜೀವವೂ ಹೋಗಲಿಲ್ಲ. ಹನ್ನೆರಡರ ಹುಡುಗನಿಗೆ ಇದೆಲ್ಲ ಒಂದು ಸಾಹಸವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಪಕ್ಕದಲ್ಲಿ ಕುಳಿತ ತಾಯಿಗೆ, ತನ್ನ ಸಂಸಾರವಿದ್ದ ಕೋಣೆಯ ಬಾಗಿಲನ್ನು ಹಾಗೆಯೇ ಬಿಟ್ಟು ಬಂದವಳಿಗೆ, ಏನೆನಿಸಿತೆಂದು ಓದುಗರೇ ಊಹಿಸಿಕೊಳ್ಳಬೇಕು.

ಟಿಪ್ಪಣಿ ಇಲ್ಲಿ ದೊಡ್ಡ ತಪ್ಪು ಮಾಡಿದೆ. ಹಡಗು ಬಿಡಲು ಒಪ್ಪದೆ ಐವತ್ತರಷ್ಟು ಜನ ಹಿಮದಲ್ಲಿ ಸತ್ತರೆಂದು ಅದು 1871ರ ಲೆಕ್ಕಕ್ಕೆ ಸೇರಿಸಿದೆ. ಅದು ನಡೆದದ್ದು 1876ರಲ್ಲಿ. ಆ ವರ್ಷ ಮತ್ತೆ ಹತ್ತಕ್ಕೂ ಹೆಚ್ಚು ಹಡಗುಗಳು ಹಿಮಕ್ಕೆ ಸಿಕ್ಕವು. ಐದು ವರ್ಷಗಳ ಹಿಂದೆ ಬಿಟ್ಟುಹೋದ ಹಡಗುಗಳ ಪೈಕಿ ಒಂದು ಮರುವರ್ಷ ಗಟ್ಟಿಯಾಗಿಯೇ ಸಿಕ್ಕಿದ್ದು ಗೊತ್ತಿದ್ದವರಿಗೆ, ಈ ಸಲ ಹಡಗಿನಲ್ಲಿಯೇ ಉಳಿಯುವ ಆಸೆ ಹುಟ್ಟಿದ್ದರೆ ಅದನ್ನು ಅರ್ಥ ಮಾಡಿಕೊಳ್ಳಬಹುದು. ಎರಡು ಘಟನೆಗಳನ್ನು ಕಲಸಿದರೆ ಈ ಎಳೆ ಹರಿದುಹೋಗುತ್ತದೆ. ಯಜಮಾನರಿಗೆ ಹೇಳಿದೆ, ತಕ್ಷಣ ಒಪ್ಪಿಕೊಂಡು ಕೆಂಪು ಶಾಯಿಯಲ್ಲಿ ತಿದ್ದಿದರು.

ನಕಾಶೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಕೊಟ್ಟಿರುವ ಝೆರಾಕ್ಸ್ ಹಾಳೆ ಬೇರಿಂಗ್ ಜಲಸಂಧಿಯಲ್ಲಿ ಮುಗಿದುಹೋಗುತ್ತದೆ, ಮತ್ತು ಬುತ್ತಿಯ ಮುಖ್ಯ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ನಾನು ಮೊಮ್ಮಗಳ ಶಾಲೆಯ ಅಟ್ಲಾಸಿನಲ್ಲಿ ಅಲಾಸ್ಕಾದ ಉತ್ತರ ಕರಾವಳಿಯನ್ನು ಹುಡುಕಿ, ಅಲ್ಲಿಂದ ಪೂರ್ವಕ್ಕೆ ಬೆರಳಾಡಿಸಿ, ಕೆನಡಾದ ಮೆಕೆಂಝೀ ನದಿಯ ಮುಖದ ಪಶ್ಚಿಮಕ್ಕಿರುವ ಹರ್ಷೆಲ್ ದ್ವೀಪದ ಚುಕ್ಕೆಯನ್ನು ಕಂಡುಕೊಂಡೆ. ಕೊನೆಯ ಪುಸ್ತಕ ಓದಲು ಆ ಚುಕ್ಕೆ ಬೇಕೇ ಬೇಕು. 1890ರ ಚಳಿಗಾಲದಿಂದ ಬೇಟೆಯ ಹಡಗುಗಳು ಹವಾಯಿಗೆ ಇಳಿಯುವ ಬದಲು ಈ ದ್ವೀಪದ ಮರೆಯಲ್ಲಿಯೇ ಹಿಮಕ್ಕೆ ಹೆಪ್ಪುಗಟ್ಟಿ ನಿಲ್ಲತೊಡಗಿದವು. 1894–95ರ ಚಳಿಗಾಲದಲ್ಲಿ ಹದಿನೈದು ಹಡಗುಗಳಿದ್ದವು. ಅಟ್ಟದ ಮೇಲೆ ಹಲಗೆಯ ಚಾವಣಿ ಹಾಕಿ, ಸುತ್ತಲೂ ಹಿಮದ ಗೋಡೆ ಕಟ್ಟಿ, ಕೆರೆಯ ಮಂಜನ್ನು ಗರಗಸದಿಂದ ಕೊಯ್ದು ಕುಡಿಯುವ ನೀರಿಗೆ ಕರಗಿಸಿ, ಆರೇಳು ವಾರ ಸೂರ್ಯನೇ ಹುಟ್ಟದ ಕತ್ತಲೆಯಲ್ಲಿ ಕ್ಯಾಪ್ಟನ್‌ಗಳು, ಕೆಲವರ ಹೆಂಡತಿ ಮಕ್ಕಳು ಕಾಲ ಕಳೆದರು. ನಾಟಕ, ನೃತ್ಯ, ಹಿಮದ ಮೇಲೆ ಬೇಸ್‌ಬಾಲ್, ಹಡಗಿನಿಂದ ಹಡಗಿಗೆ ಊಟದ ಕರೆ ಎಲ್ಲವೂ ಇತ್ತು. ಅಲ್ಲಿ ಹುಟ್ಟಿದ ಒಬ್ಬ ಕ್ಯಾಪ್ಟನ್‌ನ ಮಗಳಿಗೆ ಹೆಲೆನ್ ಹರ್ಷೆಲ್ ಎಂದು ಹೆಸರಿಟ್ಟರು. ಶ್ರಾವಣದಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಧಾರವಾಡದಲ್ಲಿ ಬಟ್ಟೆಗೆ ಬೂಸ್ಟು ಹಿಡಿಯುವಾಗ ಇದನ್ನು ಓದಿದ್ದು ನನಗಂತೂ ಒದಗಿಬಂತು.

ಆ ಕತ್ತಲೆಯನ್ನು ತಾಳಿಕೊಳ್ಳುವುದು ಎಲ್ಲರಿಂದಲೂ ಆಗಲಿಲ್ಲ. ವಯೋಲಾ ಕುಕ್ ಎಂಬಾಕೆ ಗಂಡ ಜಾನ್ ಕುಕ್‌ನೊಡನೆ ಹಲವು ಸಲ ಉತ್ತರಕ್ಕೆ ಹೋದವಳು. 1903ರಲ್ಲಿ ಆರಂಭವಾದ ‘ಬೋಹೆಡ್’ ಹಡಗಿನ ಪ್ರಯಾಣ ಒಂದು ಚಳಿಗಾಲದಲ್ಲಿ ಮುಗಿಯದೆ ಮತ್ತೆ ಮತ್ತೆ ಮುಂದುವರಿದಾಗ ಆಕೆಯ ಮನಸ್ಸಿನ ಸ್ಥಿಮಿತ ತಪ್ಪಿತು. ಮುಂದೆ ಗಂಡ ಒಂದು ಹಡಗಿಗೆ ಆಕೆಯ ಹೆಸರಿಟ್ಟ. ಹಡಗಿಗೆ ಹೆಸರಿಡುವುದು ಪ್ರೀತಿಯೋ ಪ್ರಾಯಶ್ಚಿತ್ತವೋ ಎಂದು ಯಜಮಾನರೊಡನೆ ಅವರ ಕಟ್ಟೆಯ ಮೇಲೆ ಕುಳಿತು ಚಹಾ ಮುಗಿಯುವವರೆಗೆ ವಾದ ಮಾಡಿದೆ. ಅವರು ಪ್ರೀತಿ ಎಂದರು.

ಈ ಬುತ್ತಿಯಲ್ಲಿ ಇಲ್ಲದ ಒಂದು ಪುಸ್ತಕದ ಬಗ್ಗೆ ಹೇಳಲೇಬೇಕು. ದಿನಚರಿಗಳನ್ನು ಬರೆದವರು ಹಡಗಿನ ಹಿಂಬದಿಯ ಕೋಣೆಯವರು. ಹಡಗು ನಿಂತ ದಡದವರ ಮಾತು ಇಲ್ಲಿ ಇಲ್ಲವೇ ಇಲ್ಲ. ಹರ್ಷೆಲ್‌ನ ಹಡಗುಗಳಿಗೆ ಜಿಂಕೆಯ ಮಾಂಸ ತಂದುಕೊಟ್ಟವರು, ಕ್ಯಾಪ್ಟನ್‌ನ ಮಕ್ಕಳಿಗೆ ತುಪ್ಪುಳಿನ ಅಂಗಿ, ಬೂಟು ಹೊಲಿದುಕೊಟ್ಟವರು ಆ ಸೀಮೆಯ ಜನ ಮತ್ತು ಅವರ ಹೆಂಗಸರು. ಹಡಗುಗಳು ಅವರಿಗೆ ಬಂದೂಕು, ಹಿಟ್ಟು, ಸಾರಾಯಿ ತಂದವು, ದಡಾರ ಮೊದಲಾದ ಹೊಸ ಬೇನೆಗಳನ್ನೂ ತಂದವು. ತಿಮಿಂಗಿಲ ಸಿಗದ ದಿನಗಳಲ್ಲಿ ಹಡಗಿನವರು ಎಣ್ಣೆಗಾಗಿ ವಾಲ್ರಸ್ ಎಂಬ ಉದ್ದ ಕೋರೆಯ ಕಡಲಪ್ರಾಣಿಗಳನ್ನು ಸಾವಿರಗಟ್ಟಲೆ ಕೊಂದುಹಾಕಿದರು, ಮತ್ತು ವಾಲ್ರಸ್ಸನ್ನೇ ಉಂಡು ಬದುಕುತ್ತಿದ್ದ ಬೇರಿಂಗ್ ಸಮುದ್ರದ ಸೇಂಟ್ ಲಾರೆನ್ಸ್ ದ್ವೀಪದಲ್ಲಿ 1878ರಿಂದ 1880ರವರೆಗಿನ ಬರ ಊರಿಗೆ ಊರನ್ನೇ ಖಾಲಿ ಮಾಡಿತು. ಸರಿಸುಮಾರು ಅದೇ ಕಾಲದಲ್ಲಿ, 1876–78ರ ಬರದಲ್ಲಿ, ನಮ್ಮ ಧಾರವಾಡ ಸೀಮೆಯವರೂ ಹಸಿವಿನಿಂದ ಊರು ಬಿಟ್ಟಿದ್ದರು. ಟಿಪ್ಪಣಿ ಬರೆದವರು ಆಲೆಮನೆಯನ್ನು ನೆನೆದಂತೆ ಇದನ್ನೂ ನೆನೆಯಬಹುದಿತ್ತು. ಮುಂದಿನ ಸಲ ಇಂಥ ಪುಸ್ತಕವೊಂದನ್ನು ಸೇರಿಸುವುದಾಗಿ ಹೇಳಿದ್ದಾರೆ.

ಸೇವೆಯ ಬಗ್ಗೆ ಉಳಿದದ್ದು ಸ್ವಲ್ಪ. ಚೀಲ ಹೇಳಿದ ದಿನಕ್ಕಿಂತ ಐದು ದಿನ ತಡವಾಗಿ ಬಂತು, ಕಾರಣ ಮಳೆ ಮತ್ತು ಅವರ ಸ್ಕೂಟರಿನ ಪಂಕ್ಚರು. ಖಾದಿ ಚೀಲದ ಒಳಗೆ ಪ್ಲಾಸ್ಟಿಕ್ ಹಾಕದೆ ತಂದಿದ್ದರಿಂದ ಒಂದು ಪುಸ್ತಕದ ಬೆನ್ನು ಒದ್ದೆಯಾಗಿತ್ತು. ತಡವಾದ ದಿನಗಳನ್ನು ಅವಧಿಗೆ ಸೇರಿಸಿಕೊಟ್ಟರು. ಇಂಗ್ಲಿಷ್ ಓದುವ ಅಭ್ಯಾಸ ಇಲ್ಲದವರಿಗೆ ಈ ಬುತ್ತಿಯನ್ನು ನಾನು ಹೇಳಲಾರೆ, ಟಿಪ್ಪಣಿಯೊಂದೇ ಸಾಲದು. ಓದಬಲ್ಲವರು ಲಾರೆನ್ಸ್‌ಳಿಂದ ಆರಂಭಿಸಿ, ಬ್ರೂಸ್ಟರ್‌ಳಿಗೆ ಬಂದು, ವಿಲಿಯಮ್ಸ್ ಕುಟುಂಬಕ್ಕೆ ಮೂರು ವಾರ ಉಳಿಸಿಕೊಳ್ಳಲಿ. ಮೊದಲು ಬ್ರೂಸ್ಟರ್ ಎಂದು ನಾನು ಮೇಲೆ ಹೇಳಿದ್ದು ಕಾಲದ ಕ್ರಮ, ಸುಖದ ಕ್ರಮ ಇದು. ಮನೆಯಲ್ಲಿ ಅಟ್ಲಾಸ್ ಇರಲಿ. ಮುನ್ನೂರು ರೂಪಾಯಿ ಹೆಚ್ಚಲ್ಲ.

ಚೀಲ ಮರಳಿಸುವ ಹಿಂದಿನ ರಾತ್ರಿ ಎಲಿಜಾಳ ದಿನಚರಿಯ ಆ ಪುಟವನ್ನು ಮತ್ತೆ ತೆಗೆದು, ‘ದೊಡ್ಡ ಮಕ್ಕಳು ಎಲ್ಲಿ?’ ಎಂಬ ಪ್ರಶ್ನೆಯ ಕೆಳಗೆ ಪೆನ್ಸಿಲಿನಲ್ಲಿ, ಇಬ್ಬರು, ಬಂಧುಗಳ ಮನೆಯಲ್ಲಿ, ಎಂದು ಬರೆದೆ. ಯಜಮಾನರು ಪುಟ ತಿರುವಿ ನೋಡಿ, ಏನೂ ಹೇಳದೆ, ಠೇವಣಿಯಿಂದ ಹತ್ತು ರೂಪಾಯಿ ಮುರಿದುಕೊಂಡರು.